ಬುರಾಬುರಾ ಮಾಡಿ ಬಂದ ದಿನ

ಬೀದರಿನ ಚಿದ್ರಿಯ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಹೊರಟಾಗ ಎಲ್ಲಿಗೆ ಎಂಬುದು ನಮಗೇ ಗೊತ್ತಿರಲಿಲ್ಲ. ಅಕ್ಕನ ಮಗಳು ಸುಜಾತಾ ನರ್ಸ್. ಜಪಾನಿನ ಆಸ್ಪತ್ರೆಯೊಂದರ ಕೆಲಸಕ್ಕೆ ಮುಂದಿನ ವಾರ ಅವಳ ಸಂದರ್ಶನ, ಜಪಾನಿಯಲ್ಲೇ ಉತ್ತರಿಸಬೇಕು. ಪಾಳಿ ಮುಗಿಸಿ ಬಂದು, ನಿದ್ದೆಗೆಟ್ಟು ಆ ಭಾಷೆ ಕಲಿತ ಗಟ್ಟಿಗಿತ್ತಿ, 'ರಜೆಯಲ್ಲಿ ಏನು ಮಾಡುತ್ತೀರಿ?' ಎಂಬ ಪ್ರಶ್ನೆಗೆ ಮಾತ್ರ ತಡವರಿಸುತ್ತಿದ್ದಳು. ಬಾಯಿಪಾಠ ಮಾಡಿದ ಉತ್ತರದಲ್ಲಿ 'ಬುರಾಬುರಾ ಸುರು' ಎಂಬ ಕ್ರಿಯಾಪದವಿತ್ತು. ಗೊತ್ತುಗುರಿಯಿಲ್ಲದೆ ಸುಮ್ಮನೆ ಸುತ್ತಾಡುವುದು ಎಂದರ್ಥವಂತೆ.

"ನಾ ಎಂದಾರ ಹಂಗ ತಿರಗ್ಯಾಡೀನೇನು? ಮಾಡದೇ ಇದ್ದದ್ದು ಹೇಳ್ಲಿಕ್ಕಿ ನಾಲಿಗಿ ಏಳಂಗಿಲ್ಲ" ಎಂದಳು. ಹಾಗಾದರೆ ಮಾಡಿಯೇ ಬಿಡೋಣ ಎಂದೆ. ದೇಶ ಸುತ್ತು, ಕೋಶ ಓದು ಎನ್ನುವ ನಾವೇ ಹೆಣ್ಣುಮಗಳು ಸುಮ್ಮನೆ ಸುತ್ತಿದರೆ ಬೈಯುತ್ತೇವೆ. ಅದಕ್ಕೊಂದು ಮುದ್ದಾದ ಮಾತನ್ನೇ ಇಟ್ಟುಕೊಂಡ ಜಪಾನಿಯರ ಮೇಲೆ ನನಗೆ ಪ್ರೀತಿ ಬಂತು.

ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗಿರಿ?" ಎಂದ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೂ ಊರ ಹೆಸರು ಹೇಳಲೇಬೇಕು. ಎಲ್ಲಿಗಾದರೂ ಕೊಡಿ ಎಂದೆ. "ಎಲ್ಲಿಗಾದ್ರೂ ಅನ್ನೋ ಸ್ಟಾಪ್ ಇಲ್ಲರಿ ಅಕ್ಕೋರೆ" ಎಂದವನೇ ಭಾಲ್ಕಿಗೆ ಟಿಕೆಟ್ ಹರಿದುಕೊಟ್ಟ. ನಲವತ್ತು ಕಿಲೋಮೀಟರ್ ಆಸುಪಾಸಿನ ದಾರಿ.

ಭಾಲ್ಕಿಯಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ಹಳೆಯ ಕೋಟೆಯ ಪಕ್ಕ ನಡೆದೆವು. ಎದುರಾದವರೆಲ್ಲ "ಯಾರ ಮನಿಗಿ ಬಂದೀರಿ?" ಎಂದೇ ಕೇಳಿದರು. ಯಾರ ಮನೆಗೂ ಅಲ್ಲ ಎಂದದ್ದಕ್ಕೆ ಒಬ್ಬ ಅಜ್ಜಿ ತನ್ನ ಮನೆಗೇ ಕರೆದೊಯ್ದು ಮಜ್ಜಿಗೆ ಕೊಟ್ಟಳು. ಇಂಥ ಜನರ ನಡುವೆ ಗುರಿಯಿಲ್ಲದೆ ತಿರುಗುವುದು ಸುಲಭವಲ್ಲ.

ಮಧ್ಯಾಹ್ನ ಔರಾದ್ ತಲುಪಿದೆವು. ಬಿಸಿಲು ಚುರುಕಾಗಿತ್ತು. ಚಹದಂಗಡಿಯಲ್ಲಿ ಸುಜಾತಾ ಗುಟುಕಿಗೊಮ್ಮೆ "ಬುರಾಬುರಾ" ಎಂದು ಒಪ್ಪಿಸುತ್ತಿದ್ದಳು. ಅಂಗಡಿಯ ಹಿರಿಯರು ದಖನಿ ಉರ್ದು ಮನೆಮಾತಿನವರು. ಅವರಿಗೆ ಬುರಾ ಎಂದರೆ ಕೆಟ್ಟದ್ದು. ಮುಖ ಸಣ್ಣದು ಮಾಡಿಕೊಂಡು, "ನನ್ನ ಚಹಾ ಅಷ್ಟ ಕೆಟ್ಟ ಅದೇನು ಬೇಟಿ? ಎರಡೆರಡು ಸಲ ಅಂತಿ" ಎಂದರು. ಸುಜಾತಾ ಗಾಬರಿಯಾಗಿ ಅರ್ಥ ಬಿಡಿಸಿ ಹೇಳಿದಳು. "ಸುಮ್ಮ ತಿರಗೋದಕ್ಕ ಇಷ್ಟು ಓದಬೇಕೇನು? ಅದು ಛಲೋ ಕೆಲಸ ಅದ, ತಿರಗ್ಯಾಡು" ಎಂದು ಆಕೆಯ ಲೋಟಕ್ಕೆ ಇನ್ನಷ್ಟು ಸುರಿದರು. ಹುಡುಗಿ ಅಷ್ಟು ಮನಸಾರೆ ನಕ್ಕದ್ದನ್ನು ನಾನು ನೋಡಿ ತಿಂಗಳುಗಳೇ ಆಗಿದ್ದವು.

ಮರಳುವಾಗ ಯಾವ ಕಾರಣವೂ ಇಲ್ಲದೆ ಸಂತಪುರದಲ್ಲಿ ಇಳಿದೆವು. ತೊಗರಿ ಹೊಲಗಳ ಪಕ್ಕ ನಡೆಯುತ್ತ ಅವಳು ಜಪಾನಿಯಲ್ಲಿ ಉತ್ತರ ಶುರುಮಾಡಿದಳು. ಎಲ್ಲೂ ತಡವರಿಸಲಿಲ್ಲ. ನನಗೆ ಹೆಮ್ಮೆಯಾಯಿತು. ಅದರಲ್ಲಿ ನನಗೆ ತಿಳಿದದ್ದು ಮಾತ್ರ ಭಾಲ್ಕಿ, ಔರಾದ್, ಬುರಾಬುರಾ, ಆಮೇಲೆ 'ಮೌಶಿ'. ಚಿಕ್ಕಮ್ಮನಾದ ನನ್ನನ್ನು ಅವಳು ಕರೆಯುವುದು ಹಾಗೆ.

"ಮೌಶಿಗಿ ಜಪಾನಿ ಮಾತು ಇಲ್ಲೇನು?" ಎಂದು ಕೇಳಿದೆ.

"ಅದ. ಆದರ ಆ ಮಾತು ಅಂದ್ರ ನೀ ಕಣ್ಣ ಮುಂದ ಬರಂಗಿಲ್ಲ" ಎಂದಳು.