ತಿಂಗಳಿಗೆ ಎರಡು ದಿನ ಮಾತು ಕೇಳುವ ಲಾರಿ

ಧರ್ಮರಾಜನ ಹಳೆಯ ಲಾರಿ ತಿಂಗಳಿಗೆ ಎರಡೇ ದಿನ ಹೇಳಿದ ಮಾತು ಕೇಳುತ್ತಿತ್ತು. ಅಮಾವಾಸ್ಯೆಯಂದು ತೊಳೆದು, ಸ್ಟೇರಿಂಗಿನ ಎಣ್ಣೆ ತುಂಬಿಸಿ, ಕುಂಕುಮ ಕಲಸಿದ ಕುಂಬಳಕಾಯಿ ಒಡೆದರೆ ಸ್ಟೇರಿಂಗು ಹೂವಿನಷ್ಟು ಹಗುರ. ಮೂರನೆಯ ದಿನ ಮತ್ತೆ ಬಿಗಿ. ದೇವಿ ಬಂದಳು, ಹೋದಳು ಎಂದು ಯಾದಗಿರಿ ಕಡೆಯಿಂದ ಮರಾಠಿ ಸೀಮೆಗೆ ದುಡಿಯಲು ಬಂದ ಆ ಗಂಡ ಹೆಂಡತಿ ಕೈಮುಗಿದು ಸುಮ್ಮನಾಗುತ್ತಿದ್ದರು. ಆ ಬಿಗಿ ಸ್ಟೇರಿಂಗಿನೊಡನೆ ಗುದ್ದಾಡಿ ಗುದ್ದಾಡಿ ಧರ್ಮರಾಜನ ಬಲಗೈ ಭುಜದಿಂದ ಮೇಲೇಳದಂತಾಯಿತು.

ಆಗ ಹೆಂಡತಿ ಶಿವಕಾಂತಾ ಲಾರಿ ಕಲಿತಳು. ಲೈಸೆನ್ಸೂ ತೆಗೆದುಕೊಂಡಳು. ರಾಂಜಣಗಾಂವದ ಸೈಟಿಗೆ ಇಟ್ಟಿಗೆ ಸಾಗಿಸುವ ಕೆಲಸ ಅವರ ಕೈಯಲ್ಲೇ ಉಳಿಯಬೇಕಾದರೆ, ಶನಿವಾರ ಅಲ್ಲಿನ ಇಕ್ಕಟ್ಟು ಗೇಟಿನೊಳಗೆ ಅವಳು ಲಾರಿಯನ್ನು ರಿವರ್ಸ್ ತಂದು ತೋರಿಸಬೇಕೆಂದು ಸೈಟಿನ ಅನುಜಾ ಮ್ಯಾಡಂ ಕಡ್ಡಿ ಮುರಿದಂತೆ ಹೇಳಿದ್ದರು. ಅಮಾವಾಸ್ಯೆ ಕಳೆದು ಆಗಲೇ ಒಂಬತ್ತು ದಿನ!

"ಮತ್ತೊಮ್ಮಿ ಪೂಜಿ ಮಾಡೋಣ್ರಿ," ಎಂದಳು ಶಿವಕಾಂತಾ. "ದೇವಿ ಏನ್ ಕ್ಯಾಲೆಂಡರ್ ನೋಡ್ತಾಳೇನು?"

ಶುಕ್ರವಾರ ಬೆಳಿಗ್ಗೆ ಲಾರಿ ತೊಳೆದರು, ಎಣ್ಣೆ ತುಂಬಿದರು. ಕುಂಬಳಕಾಯಿ ಹಿಡಿದು ಬಂದವಳು ನೋಡುತ್ತಾಳೆ, ನೆಲವೆಲ್ಲ ಆಗಲೇ ಕೆಂಪು.

"ರೀ, ಕುಂಕುಮ ಯಾವಾಗ ಕಲಸಿದ್ರಿ?"

"ಪುಡಿಕಿ ನಿನ್ನ ಕೈಯಾಗ ಅದಲ್ಲ!"

ಹೌದು, ಪೊಟ್ಟಣ ಬಿಚ್ಚಿಯೇ ಇರಲಿಲ್ಲ. ಲಾರಿಯ ಕೆಳಗೆ ತೂರಿ ನೋಡಿದರೆ, ಬಿರುಕು ಬಿಟ್ಟ ಪೈಪಿನಿಂದ ಸ್ಟೇರಿಂಗಿನ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಪ್ರತಿ ಅಮಾವಾಸ್ಯೆಗೂ ತುಂಬಿದ ಎಣ್ಣೆ ಎರಡು ದಿನದಲ್ಲಿ ಸೋರಿಹೋಗುತ್ತಿತ್ತು. ನೆಲದ ಮೇಲಿನ ಕಲೆಯನ್ನು ಇವರು ಪೂಜೆಯ ಕುಂಕುಮವೆಂದು ದಾಟಿ ನಡೆಯುತ್ತಿದ್ದರು.

ಧರ್ಮರಾಜ ಇಂಗು ತಿಂದ ಮಂಗನಂತಾದ. "ನನ್ನ ಭುಜ ತಿಂದಿದ್ದು ಈ ಪೈಪೇನು!" ಶಿವಕಾಂತಾಳಿಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಬಾಯಿಗೆ ಬರುವ ಮೊದಲೇ ನಗು ಬಂದುಬಿಟ್ಟಿತು.

ಅವನು ಹಳೆಯ ಪೈಪನ್ನೇ ಹಿಡಿದು ಸ್ವಾರಗೇಟ ಕಡೆಯ ಬಿಡಿಭಾಗದ ಅಂಗಡಿಗೆ ಓಡಿ, ಅಂಥದ್ದೇ ಹೊಸದು ತಂದ. ಕೈ ಎತ್ತಲಾಗದ ಅವನು ಹೇಳಿಕೊಟ್ಟಂತೆ ಅವಳೇ ಪೈಪು ಕೂರಿಸಿ ಕ್ಲಿಪ್ಪು ಬಿಗಿದು ಎಣ್ಣೆ ತುಂಬಿದಳು. ಎಣ್ಣೆಯೊಳಗಿನ ಗಾಳಿ ಹೋಗಬೇಕಲ್ಲ! ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸತೊಡಗಿದಳು. ಧರ್ಮರಾಜ ಎಣ್ಣೆ ಡಬ್ಬಿಗೆ ಕಣ್ಣಿಟ್ಟು, "ಗುಳ್ಳಿ ಬರ್ಲಿಕತ್ತಾವ, ತಿರುಗ್ಸು!" ಎಂದು ಕೂಗುತ್ತಿದ್ದ. ತಿರುಗಿಸಿದಷ್ಟೂ ಹಗುರ. ಜಾತ್ರೆಯ ತೊಟ್ಟಿಲಲ್ಲಿ ಕೂತವಳಂತೆ ಅವಳು ಕಿರುಚಿದಳು, ನಕ್ಕಳು, ಕಡೆಗೆ ಬಿಕ್ಕಳಿಕೆ ಹತ್ತಿತು. ಗುಳ್ಳೆ ನಿಂತರೂ ಬಿಕ್ಕಳಿಕೆ ನಿಲ್ಲಲಿಲ್ಲ.

ಶನಿವಾರ ಲಾರಿ ಒಂದೇ ಏಟಿಗೆ ಗೇಟಿನೊಳಗೆ ಹೋಯಿತು. "ಸೋಮವಾರಪಾಸೂನ ಯಾ, ತಾಈ," ಎಂದು ಅನುಜಾ ಮ್ಯಾಡಂ ಸೋಮವಾರದಿಂದಲೇ ಬರಹೇಳಿದರು.

ಸಹಿ ಹಾಕಿ ಬಂದರೆ, ಡ್ರೈವರ್ ಸೀಟಿನಲ್ಲಿ ಧರ್ಮರಾಜ! ಭುಜ ಎತ್ತದೆಯೇ, ಆ ಬಲಗೈಯಿಂದಲೇ ಸ್ಟೇರಿಂಗನ್ನು ಸಲೀಸಾಗಿ ತಿರುಗಿಸುತ್ತ ಮಗುವಿನ ಹಾಗೆ ನಗುತ್ತಿದ್ದ. ಶಿವಕಾಂತಾ ಬಾಗಿಲ ಬಳಿಯೇ ನಿಂತಳು. ಇನ್ನು ಇವನೇ ಓಡಿಸಬಲ್ಲ. ಹಾಗಾದರೆ ತಾನು?

ಅವಳ ಮುಖ ನೋಡಿ ಅವನು ಮೆಲ್ಲಗೆ ಎಡಗಡೆಯ ಸೀಟಿಗೆ ಸರಿದ.

"ಹತ್ತು, ಹತ್ತು. ಇಷ್ಟು ವರ್ಷ ಬರೇ ರಸ್ತಾ ನೋಡೀನಿ. ಇನ್ನ ಕಿಡಕ್ಯಾಗಿಂದ ಊರು ನೋಡ್ತೀನಿ."