ಅಕ್ಕನ ಹೊಟ್ಟೆಯೊಳಗಿನ ಸಾಕ್ಷಿ

ಬಿಸಿಲಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಪ್ಪತ್ತರ ದಶಕದ ಯಾವ ವರ್ಷ ಎಂದು ನಮ್ಮ ಮನೆಯವರು ಇನ್ನೂ ಜಗಳಾಡುತ್ತಾರೆ, ಆಡಲಿ.

ಮುದ್ದೇಬಿಹಾಳದ ಕಡೆಯ ಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕ ಹೊಟ್ಟೆನೋವಿನಿಂದ ಸತ್ತಳೆಂದು ಇಂಡಿಯಲ್ಲಿದ್ದ ನಮಗೆ ಸುದ್ದಿ ಬಂತು. ಬಸ್ಸು ಬದಲಿಸಿ ಬದಲಿಸಿ ನಾವು ಮುಟ್ಟಿದಾಗ ಅವಳನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು, ಪಕ್ಕದಲ್ಲಿ ಭಜನೆ. ತವರಿನ ಸೀರೆ ಉಡಿಸದೆ ಮಣ್ಣು ಮಾಡುವಂತಿಲ್ಲ. ಆ ಸೀರೆ ಉಡಿಸುವಾಗ ಅವ್ವ ಹೊಕ್ಕುಳ ಮೇಲೆ ಕಪ್ಪುಗಟ್ಟಿದ ಗುರುತು ಕಂಡಳು. ಗಂಡ ಒದ್ದಿದ್ದಾನೆ ಎಂದಳು. ಎಮ್ಮೆ ಹಾಯ್ದಿತ್ತು, ಅದೂ ಹಿಂದಿನ ವಾರದ ಮಾತು ಎಂದರು ಗಂಡನ ಮನೆಯವರು.

ಪೊಲೀಸರು ಬಂದರು, ಪಂಚನಾಮೆ ಆಯಿತು, ಹೆಣ ತಾಲ್ಲೂಕು ದವಾಖಾನೆಯ ತಗಡಿನ ಕೋಣೆಯಲ್ಲಿ ಬಿತ್ತು. ಡಾಕ್ಟರು ಸಂತಾನಹರಣದ ಕ್ಯಾಂಪಿಗೆಂದು ಬಾಗೇವಾಡಿಗೆ ಹೋಗಿದ್ದರು. ಬಂದದ್ದು ಮರುದಿನ ಮಧ್ಯಾಹ್ನ.

ಕೊಯ್ದು ನೋಡಿ ಹೊರಬಂದವರು ಅಪ್ಪನಿಗೆ ಹೇಳಿದ್ದು ಇಷ್ಟು: ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇರುತ್ತದೆ, ಏಟು ಅಲ್ಲಿಗೆ ತಾಗಿದ್ದರೆ ಅದರಲ್ಲೇ ತಿಳಿಯಬೇಕು. "ಆದ್ರ ಅದು ಉಳದಿಲ್ರಿ. ಅನ್ನ ಕರಗಸೋ ರಸಾ ಅದರೊಳಗ ಇರ್ತೈತಿ. ಜೀವಾ ಹೋದಮ್ಯಾಗ ಮೊದಲ ತನ್ನನ್ನ ತಾನ ಕರಗಸ್ಕೋತೈತಿ. ಕೆಂಪಗಾಗೈತಿ, ಖರೆ. ಒದ್ದದ್ದರ ರಕ್ತೋ, ಸತ್ತಮ್ಯಾಗ ಕರಗಿದ್ದೋ, ಹ್ಯಾಂಗ ಹೇಳ್ಲಿ?"

ಶೆಕೆಗೆ ಬೇಗ ಕರಗುತ್ತದಂತೆ. ಸಾಯುವಾಗ ಜ್ವರವಿದ್ದರೆ ಇನ್ನೂ ಬೇಗ. ಜ್ವರ ಇತ್ತೇ ಎಂದು ಅಕ್ಕನ ಮಾವನನ್ನು ಕೇಳಿದರು. ಹೌದ್ರಿ, ಮೈ ಸುಡತಿತ್ತು. ಕೌದಿ ಹೊದಿಸಿದ್ದಿರೇ? ಹೌದ್ರಿ. ಬಿಸಿಲಲ್ಲಿ ಕೂರಿಸಿದ್ದಿರೇ? ಹೌದ್ರಿ, ಬೀಗರು ಬರಲಿ ಅಂತ. ಅಲ್ಲಿಯವರೆಗೆ ಹೊಟ್ಟೆನೋವು ಬಿಟ್ಟು ಬೇರೇನೂ ಹೇಳದಿದ್ದ ಮನುಷ್ಯ, ಡಾಕ್ಟರು ಒಂದೊಂದು ಕೇಳಿದಂತೆ ಒಂದೊಂದು ಕಲಿಯುತ್ತಿದ್ದ. ಕೊನೆಗೆ ತಪ್ಪು ಬಿಸಿಲಿನದಾಯಿತು, ತಡವಾಗಿ ಬಂದ ನಮ್ಮದಾಯಿತು.

ಅವ್ವ ಅವನೆದುರು ಹೋಗಿ ನಿಂತಳು. "ಎಲ್ಲಾದಕ್ಕೂ ಹೌದ ಅಂದ್ರಿ, ಬೀಗರ. ಒದ್ದದ್ದಕ್ಕೂ ಹೌದ ಅನ್ರಿ."

ಸಾವಿನ ಕಾರಣ ಹೇಳಲಾಗದು ಎಂದು ಡಾಕ್ಟರು ಬರೆದುಕೊಟ್ಟರು. ಅಕ್ಕನ ಗಂಡ ಮುಂದಿನ ವರ್ಷ ಸಿಂದಗಿಯಿಂದ ಇನ್ನೊಬ್ಬಳನ್ನು ತಂದ.

ಅವ್ವನ ಮಾತಿಗೆ ಆ ಮುದುಕ ತಲೆ ತಗ್ಗಿಸಿದ ಎಂದು ನನ್ನ ಅಣ್ಣ ಈಗಲೂ ಹೇಳುತ್ತಾನೆ, ಹೇಳಿ ಕಣ್ಣೊರೆಸಿಕೊಳ್ಳುತ್ತಾನೆ. ಸುಳ್ಳು. ಅವನು ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ.