ದೊಡ್ಡವ್ವ ಹಾಕಿದ ಗಂಟುಗಳು

ಕತ್ತರಿ ಯಾರ ಕೈಯಲ್ಲಿತ್ತು ಎಂಬುದು ನನಗೆ ಈಗಲೂ ಖಚಿತವಿಲ್ಲ. ನನ್ನ ನೆನಪಿನಲ್ಲಿ ಕಾಕಾನ ಕೈಯಲ್ಲಿದೆ. ಕಾಕಾ ಮಾತ್ರ, "ನೀನ ಕತ್ತರಿಸಿದ್ಯೋ ಮಾರಾಯಾ" ಎನ್ನುತ್ತಾನೆ. ವರ್ಷವೂ ಗೊಂದಲವೇ, ಎರಡು ಸಾವಿರದ ಮೂರೋ ನಾಲ್ಕೋ. ಪುರಾವೆ ಇಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನ್ನ ನೆನಪಿಗೇ ಪುರಾವೆ ಇಲ್ಲ.

ರಾಣೆಬೆನ್ನೂರಿನ ಪೇಟೆಯಲ್ಲಿ ನಮ್ಮ ಮನೆತನದ ಬೀಜದ ಅಂಗಡಿ. ಮುಂದೆ ಕಂಪನಿಗಳ ಪಾಕೀಟು. ಒಳಕೋಣೆಯಲ್ಲಿ ನಮ್ಮದೇ ಬ್ಯಾಡಗಿ ಮೆಣಸಿನಕಾಯಿ ಬೀಜದ ಅರಿವೆ ಚೀಲಗಳು. ಅದರಲ್ಲಿ ಎರಡು ತಳಿ, ದಪ್ಪ ಕಾಯಿಯ ಡಬ್ಬಿ, ಉದ್ದ ಕಾಯಿಯ ಕಡ್ಡಿ. ಬೀಜ ನೋಡಿ ಯಾವುದು ಯಾವುದೆಂದು ಯಾರೂ ಹೇಳಲಾರರು. ಅದಕ್ಕೇ ದೊಡ್ಡವ್ವ ಚೀಲದ ಬಾಯಿಯ ದಾರಕ್ಕೆ ಗಂಟು ಹಾಕುತ್ತಿದ್ದಳು. ಒಂದು ಗಂಟೆಂದರೆ ಅಗಡಿ ಹೊಲದ ಡಬ್ಬಿ, ಎರಡೆಂದರೆ ಐರಣಿಯ ಕಡ್ಡಿ, ಹೀಗೆ. ಅವಳ ಅತ್ತೆಯ ಕಾಲದಿಂದ ಉಳಿದು ಬಂದ ಆ ಡಬ್ಬಿಗಾಗಿಯೇ ರೈತರು ನಮ್ಮಲ್ಲಿಗೆ ಬರುತ್ತಿದ್ದರು. ಅದು ಹೋದರೆ ನಮಗೂ ಪಕ್ಕದ ಅಂಗಡಿಗೂ ಫರಕಿರಲಿಲ್ಲ.

ಆ ವರ್ಷ ಕಂಪ್ಯೂಟರ್ ತಂದೆವು. ನಾನು ಪ್ರತಿ ಚೀಲಕ್ಕೂ ನಂಬರಿನ ಅಂಟುಚೀಟಿ ಹಚ್ಚಿ, ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದೆ.

"ಇನ್ನ ದಾರ ಬ್ಯಾಡ ದೊಡ್ಡವ್ವಾ. ಎಲ್ಲಾ ಇದರಾಗ ಐತಿ."

"ಕರೆಂಟ್ ಹೋದರ ಹೇಳತೈತೇನು?"

"ನೀವು ಮಲಗಿದಾಗ ಯಾರು ಹೇಳತಾರ್ರಿ ವೈನಿ?" ಕಾಕಾ ನಕ್ಕ.

"ನಾ ಮಲಗಿದ್ದು ನೀ ಯಾವಾಗ ನೋಡೀಯೋ?"

ದಾರ ಹೋಗಿ ರಬ್ಬರ್ ಬ್ಯಾಂಡ್ ಬಂತು. ಕತ್ತರಿಸಿದ ದಾರಗಳು ಒಲೆಗೆ ಹೋದವು, ಅಥವಾ ಹಾಗೆಂದು ನೆನಪು.

ಮಳೆಗೆ ಮುಂಚೆ ಬೀಜದ ಚೀಲಗಳನ್ನು ಮಾಳಿಗೆ ಮೇಲೆ ಬಿಸಿಲಿಗಿಡುವುದು ನಮ್ಮ ರೂಢಿ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎರಡೇ ದಿನಕ್ಕೆ ಅಂಟು ಒಣಗಿತು. ನಾನು ಹತ್ತಿ ನೋಡಿದಾಗ ಗಾಳಿ ಚೀಟಿಗಳನ್ನೆಲ್ಲ ಮೂಲೆಗೆ ಗುಡಿಸಿ ಹಾಕಿತ್ತು. ಚೀಲಗಳು ಬೋಳಾಗಿದ್ದವು.

"ತೂಗಿ ನೋಡೋಣು," ಎಂದ ಕಾಕಾ. "ಕಂಪ್ಯೂಟರಿನಾಗ ತೂಕ ಐತೆಲ್ಲ. ತೂಕದ ಮ್ಯಾಲೆ ನಂಬರ ಸಿಗತೈತಿ, ನಂಬರಿನ ಮ್ಯಾಲೆ ಹೊಲ."

ಫೈಲು ತೆರೆಯಲಿಲ್ಲ. ವೈರಸ್ ಬಂದಿತ್ತು ಎಂದು ಎಲ್ಲರಿಗೂ ಹೇಳಿದೆ. ವೈರಸ್ ಬಂದಿದ್ದು ಖರೆಯೋ, ಹೇಳಿ ಹೇಳಿ ಖರೆಯಾಯಿತೋ ತಿಳಿಯದು.

ದೊಡ್ಡವ್ವ ಬೈಯಲಿಲ್ಲ. ಚೀಲಗಳನ್ನು ಗೋಡೆಗೆ ಸಾಲಾಗಿ ಇಡಿಸಿ, "ಇವನ್ನ ಯಾರೂ ಮುಟ್ಟಬ್ಯಾಡ್ರಿ" ಎಂದಳು. ಅದೇ ಕ್ರಮದಲ್ಲಿ ಒಂದೊಂದು ಚೀಲದಿಂದ ಒಂದೊಂದು ಸಾಲು ಅಗಡಿಯ ಹೊಲದಲ್ಲಿ ಹಾಕಿಸಿದಳು.

"ಕಾಯಿ ಬಿಡಲಿ. ಅವ ಹೇಳತಾವ."

ಆ ಹಂಗಾಮಿಗೆ ಡಬ್ಬಿ ಕೇಳಿ ಬಂದ ರೈತರನ್ನು ಬರಿಗೈಯಲ್ಲಿ ಕಳಿಸಿದೆವು. ಕಾಯಿ ಹಣ್ಣಾದ ಮೇಲೆ ಅವಳು ಸಾಲು ಸಾಲು ನೋಡಿ ಬಂದು, ಉಳಿದ ಬೀಜದ ಚೀಲಗಳಿಗೆ ಮತ್ತೆ ದಾರ ಕಟ್ಟಿದಳು. ಡಬ್ಬಿ ಉಳಿಯಿತು. ಬಿಟ್ಟುಹೋದ ರೈತರೆಲ್ಲ ತಿರುಗಿ ಬಂದರೇ? ಬಂದರೆಂದು ಕಾಕಾ, ಇಲ್ಲವೆಂದು ನಾನು.

ಇಷ್ಟು ವರ್ಷ ನನಗೊಂದೇ ಸಮಾಧಾನವಿತ್ತು. ಫೈಲು ತೆರೆದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬುದು. ಹೋದ ವರ್ಷ ಹಾವೇರಿಯಲ್ಲಿರುವ ನಮ್ಮ ಮನೆಯ ಅಟ್ಟದಲ್ಲಿ ಆ ಪಟ್ಟಿಯ ಮುದ್ರಿತ ಪ್ರತಿ ಸಿಕ್ಕಿತು. ಮೂರು ಸಲ ನೋಡಿದೆ. ನಂಬರ್ ಇದೆ, ತೂಕ ಇದೆ, ತಾರೀಖು ಇದೆ. ಯಾವ ಹೊಲ, ಎಷ್ಟು ಗಂಟು ಎಂಬುದಕ್ಕೆ ಅಂಕಣವೇ ಇಲ್ಲ.